ಕಾಪಿ ಹೊಡೆಯುವ ಮುನ್ನ ಒಮ್ಮೆ ಕಳೆದು ನೋಡಿ

ಗೇಮ್ ಮಾಡುವುದನ್ನು ಕಲಿಯಲು ಕೂತವರ ಮೊದಲ ಎರಡು ದಿನ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೊದಲ ದಿನ ಪರದೆಯ ಮೇಲೊಂದು ಚೌಕ ಮೂಡಿಸಿ, ಬಾಣದ ಗುರುತಿನ ಕೀಗಳನ್ನು ಒತ್ತಿ ಅದನ್ನು ಅತ್ತಿತ್ತ ಓಡಿಸುತ್ತಾರೆ. ಎರಡನೇ ದಿನ ಆ ಚೌಕಕ್ಕೊಂದು ಜೊತೆ ಬೇಕೆನಿಸುತ್ತದೆ. ಅಟ್ಟಿಸಿಕೊಂಡು ಬರುವ ಒಬ್ಬ ಶತ್ರು, ಬಾಲ ಅಲ್ಲಾಡಿಸುತ್ತ ಹಿಂದೆ ಬರುವ ಒಂದು ನಾಯಿ, ಕಡೇಪಕ್ಷ ನಾಯಕ ಹೋದಲ್ಲೆಲ್ಲ ಹೋಗುವ ಒಂದು ಕ್ಯಾಮೆರಾ. ಅಲ್ಲಿಗೆ ಪ್ರಶ್ನೆ ಹುಟ್ಟುತ್ತದೆ: ಒಂದು ವಸ್ತು ಇನ್ನೊಂದನ್ನು ಹಿಂಬಾಲಿಸುವಂತೆ ಮಾಡುವುದು ಹೇಗೆ?

ಉತ್ತರ ಸಿಗಲು ಈಗ ಹತ್ತು ಸೆಕೆಂಡ್ ಸಾಕು. ಯಾವುದಾದರೂ ವಿಡಿಯೊ ನೋಡಿದರೆ ಮೂರು ಸಾಲಿನ ಕೋಡ್ ಸಿಗುತ್ತದೆ. ಎಐ ಚಾಟ್‌ಬಾಟ್ ಕೇಳಿದರೆ ವಿವರಣೆ ಸಮೇತ ಸಿಗುತ್ತದೆ. ಕಾಪಿ, ಪೇಸ್ಟ್, ರನ್. ನಾಯಿ ಹಿಂದೆ ಬರುತ್ತದೆ. ಖುಷಿಯಾಗಿ ಮುಂದಿನ ಪಾಠಕ್ಕೆ ಹೋಗುತ್ತೇವೆ.

ಬಿಸಿಎ ಕೊನೆಯ ವರ್ಷದಲ್ಲಿರುವ ನಾನು ನಮ್ಮ ಲ್ಯಾಬಿನಲ್ಲಿ ಇದನ್ನು ವಾರಕ್ಕೆ ಎರಡು ಸಲವಾದರೂ ನೋಡುತ್ತೇನೆ. ಕಾಪಿ ಮಾಡುವುದೇ ಪಾಪ ಎಂದು ನಾನು ಹೇಳುವುದಿಲ್ಲ. ಪರದೆಗೆ ಬಣ್ಣ ಹಚ್ಚುವ ಕೋಡ್, ಧ್ವನಿ ನುಡಿಸುವ ಕೋಡ್, ಸ್ಕೋರನ್ನು ಫೈಲಿನಲ್ಲಿ ಉಳಿಸುವ ಕೋಡ್ ಇವನ್ನೆಲ್ಲ ಧಾರಾಳವಾಗಿ ಕಾಪಿ ಮಾಡಿ. ಆದರೆ ಹಿಂಬಾಲಿಸುವ ಈ ಮೂರು ಸಾಲನ್ನು ಮಾತ್ರ ಮೊದಲ ಸಲ ನೀವೇ ಬರೆಯಿರಿ ಎಂಬುದು ನನ್ನ ವಾದ. ಹತ್ತನೇ ತರಗತಿಯಿಂದ ನಾವು ಹೊತ್ತು ತಂದ ಗಣಿತ ಮತ್ತು ಪ್ರೋಗ್ರಾಮಿಂಗ್ ಎರಡೂ ಮೊದಲ ಬಾರಿಗೆ ಕೈಕುಲುಕುವುದು ಇಲ್ಲಿಯೇ. ಆ ಭೇಟಿಯನ್ನು ತಪ್ಪಿಸಿಕೊಂಡವರಿಗೆ ಮುಂದೆ ಎರಡೂ ಅಪರಿಚಿತವಾಗಿಯೇ ಉಳಿಯುವ ಅಪಾಯವಿದೆ.

ಗ್ರಾಫ್ ಹಾಳೆ ತೆಗೆಯಿರಿ

ಕಂಪ್ಯೂಟರ್ ಮುಚ್ಚಿಡಿ. ಗ್ರಾಫ್ ಹಾಳೆಯ ಮೇಲೆ ಎರಡು ಚುಕ್ಕಿ ಇಡಿ. ನಾಯಕ ನಿಂತಿರುವುದು (7, 5) ಎಂಬ ಬಿಂದುವಿನಲ್ಲಿ. ನಾಯಿ ನಿಂತಿರುವುದು (3, 2)ರಲ್ಲಿ. ನಾಯಿ ಯಾವ ಕಡೆಗೆ ಹೋಗಬೇಕು? ನಾಯಕನ ಸ್ಥಾನದಿಂದ ನಾಯಿಯ ಸ್ಥಾನವನ್ನು ಕಳೆಯಿರಿ. 7ರಿಂದ 3 ಕಳೆದರೆ 4. 5ರಿಂದ 2 ಕಳೆದರೆ 3. ಅಂದರೆ ಬಲಕ್ಕೆ 4, ಮೇಲಕ್ಕೆ 3. ದಾರಿ ಸಿಕ್ಕಿತು.

ಎಷ್ಟು ದೂರ? ಪೈಥಾಗೊರಸ್ ಪ್ರಮೇಯ ನೆನಪಿಸಿಕೊಳ್ಳಿ. 4ರ ವರ್ಗ 16, 3ರ ವರ್ಗ 9, ಕೂಡಿದರೆ 25, ಅದರ ವರ್ಗಮೂಲ 5. ಈಗ ದಾರಿಯ ಎರಡೂ ಸಂಖ್ಯೆಗಳನ್ನು ದೂರದಿಂದ ಭಾಗಿಸಿ: 0.8 ಮತ್ತು 0.6. ಇದು ಒಂದೇ ಒಂದು ಹೆಜ್ಜೆಯ ಉದ್ದದ ದಿಕ್ಕು. ದ್ವಿತೀಯ ಪಿಯುಸಿ ಗಣಿತದಲ್ಲಿ 'ಏಕಮಾನ ಸದಿಶ' ಎಂದು ಹೆಸರು ಕೇಳಿ, ಎರಡು ಮಾರ್ಕಿಗೆಂದು ಕಲಿತು, ಪರೀಕ್ಷೆ ಮುಗಿದ ಸಂಜೆಯೇ ಮರೆತದ್ದು ಇದನ್ನೇ. ನಾಯಿ ಸೆಕೆಂಡಿಗೆ 2 ಮಾನ ಓಡಬೇಕೆಂದರೆ ಈ ದಿಕ್ಕನ್ನು 2ರಿಂದ ಗುಣಿಸಿ, ಕಳೆದ ಫ್ರೇಮಿನಿಂದ ಈಚೆಗೆ ಎಷ್ಟು ಸಮಯ ಆಯಿತೋ ಅದರಿಂದಲೂ ಗುಣಿಸಿ, ನಾಯಿಯ ಸ್ಥಾನಕ್ಕೆ ಕೂಡಿಸಿದರೆ ಆಯಿತು.

ಕನ್ನಡದಲ್ಲೇ ಬರೆದರೆ ಮೂರು ಸಾಲು ಹೀಗಿರುತ್ತವೆ:

ದಾರಿ = ನಾಯಕನ ಸ್ಥಾನ − ನಾಯಿಯ ಸ್ಥಾನ
ದಿಕ್ಕು = ದಾರಿ ÷ ದಾರಿಯ ಉದ್ದ
ನಾಯಿಯ ಹೊಸ ಸ್ಥಾನ = ನಾಯಿಯ ಸ್ಥಾನ + ದಿಕ್ಕು × ವೇಗ × ಸಮಯ

ಒಂದು ವ್ಯವಕಲನ, ಒಂದು ಭಾಗಾಕಾರ, ಒಂದಿಷ್ಟು ಗುಣಾಕಾರ. ಯೂನಿಟಿ ಇರಲಿ, ಗೊಡಾಟ್ ಇರಲಿ, ಪೈಥಾನ್‌ನ ಪೈಗೇಮ್ ಇರಲಿ, ಸಿ ಶಾರ್ಪ್ ಇರಲಿ, ಜಾವಾಸ್ಕ್ರಿಪ್ಟ್ ಇರಲಿ, ಒಳಗಿರುವುದು ಇಷ್ಟೇ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು 'ಪ್ರೋಗ್ರಾಮಿಂಗ್ ಅಂದ್ರೆ ಇಂಗ್ಲಿಷ್' ಎಂದು ಹಿಂಜರಿಯುವುದನ್ನು ಕಂಡಿದ್ದೇನೆ. ಅವರಿಗೆ ಈ ಮೂರು ಸಾಲು ತೋರಿಸಿದರೆ ಮುಖ ಅರಳುತ್ತದೆ. ಇದರಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ.

ನಾಯಿ ನಡುಗುವುದೇಕೆ?

'ಸರಿ, ಗೊತ್ತಾಯಿತು. ಆದರೆ ಕಾಪಿ ಮಾಡಿದ ಕೋಡೂ ಅದನ್ನೇ ಮಾಡುತ್ತದಲ್ಲ?' ಎಂದು ನೀವು ಕೇಳಬಹುದು. ಎಲ್ಲವೂ ಸರಿಯಿರುವವರೆಗೆ ಮಾಡುತ್ತದೆ. ಕೆಟ್ಟಾಗ ನೋಡಿ.

ಮೊದಲ ತೊಂದರೆ ಸಮಯದ್ದು. ಸುಮ್ಮನೆ ಪ್ರತಿ ಫ್ರೇಮಿಗೆ 0.05 ಮಾನ ಮುಂದೆ ಹೋಗು ಎಂದು ಬರೆದ ಕೋಡುಗಳು ಬೇಕಾದಷ್ಟಿವೆ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಕಂಪ್ಯೂಟರಿನಲ್ಲಿ ಶತ್ರು ಸೆಕೆಂಡಿಗೆ 3 ಮಾನ ಓಡುತ್ತಾನೆ. ಏದುಸಿರು ಬಿಡುವ ಹಳೆಯ ಫೋನಿನಲ್ಲಿ ಫ್ರೇಮ್ 30ಕ್ಕೆ ಇಳಿದರೆ ಅವನ ವೇಗ 1.5. ಗೆಳೆಯನ 144 ಫ್ರೇಮಿನ ಮಾನಿಟರಿನಲ್ಲಿ 7.2. ಒಂದೇ ಗೇಮ್ ಒಬ್ಬನಿಗೆ ತೀರಾ ಸಲೀಸು, ಇನ್ನೊಬ್ಬನಿಗೆ ಆಡಲಾಗದಷ್ಟು ಕಷ್ಟ. ಮೂರನೇ ಸಾಲಿನಲ್ಲಿ 'ಸಮಯ' ಯಾಕಿದೆ ಎಂಬುದನ್ನು ಹಾಳೆಯ ಮೇಲೆ ಲೆಕ್ಕ ಹಾಕಿದವರು ಈ ರೋಗವನ್ನು ನೋಡಿದ ಕೂಡಲೇ ಗುರುತಿಸುತ್ತಾರೆ.

ಎರಡನೆಯದು ನಡುಕ. ನಾಯಿ ನಾಯಕನ ಹತ್ತಿರ ಬಂದಿದೆ, ಉಳಿದಿರುವ ದೂರ 0.3. ಆದರೆ ಅದರ ಒಂದು ಹೆಜ್ಜೆ 0.5. ಹೆಜ್ಜೆ ಇಟ್ಟರೆ ನಾಯಕನನ್ನು ದಾಟಿ 0.2 ಆಚೆ ಹೋಗುತ್ತದೆ. ಮುಂದಿನ ಫ್ರೇಮಿನಲ್ಲಿ ತಿರುಗಿ ಹೆಜ್ಜೆ ಇಟ್ಟರೆ ಮತ್ತೆ 0.3 ಈಚೆ. ಹೀಗೆ ಹಿಂದೆ ಮುಂದೆ, ಹಿಂದೆ ಮುಂದೆ. ನೋಡುವವರಿಗೆ ನಾಯಿಗೆ ಚಳಿಜ್ವರ ಬಂದಂತೆ ಕಾಣುತ್ತದೆ. ಉಳಿದ ದೂರ ಹೆಜ್ಜೆಗಿಂತ ಕಡಿಮೆಯಿದ್ದರೆ ಹೆಜ್ಜೆ ಇಡಬೇಡ, ನೇರ ಗುರಿಯಲ್ಲೇ ನಿಲ್ಲು ಎಂಬ ಒಂದು ಷರತ್ತು ಸಾಕು. ಎಂಜಿನ್‌ಗಳಲ್ಲಿರುವ 'ಮೂವ್ ಟುವರ್ಡ್ಸ್' ಎಂಬ ಸಿದ್ಧ ಫಂಕ್ಷನ್ ಒಳಗೊಳಗೇ ಮಾಡುವುದು ಇದನ್ನೇ.

ಮೂರನೆಯದು ಸೊನ್ನೆ. ನಾಯಿ ಮತ್ತು ನಾಯಕ ಒಂದೇ ಬಿಂದುವಿನಲ್ಲಿದ್ದರೆ ದೂರ ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ? ಪೈಥಾನ್‌ನಲ್ಲಿ ಪ್ರೋಗ್ರಾಂ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಸ್ಥಾನವೇ 'ಸಂಖ್ಯೆಯಲ್ಲದ್ದು' ಆಗಿ ನಾಯಿ ಪರದೆಯಿಂದ ಮಾಯವಾಗುತ್ತದೆ, ಮತ್ತೆ ಬರುವುದಿಲ್ಲ. ಸೊನ್ನೆಯಿಂದ ಭಾಗಿಸಬಾರದು ಎಂದು ಮೇಷ್ಟ್ರು ಹೇಳಿದ್ದನ್ನು ನಾವು ನಿಯಮವೆಂದು ಒಪ್ಪಿಕೊಂಡಿದ್ದೆವು. ಅದು ಯಾಕೆಂದು ಕಣ್ಣಾರೆ ಕಾಣುವುದು ಇಲ್ಲಿ.

0.1ರ ಮೋಹ

ಹಿಂಬಾಲಿಸುವುದಕ್ಕೆ ಇನ್ನೊಂದು ಜನಪ್ರಿಯ ದಾರಿಯಿದೆ. ಅದರ ಹೆಸರು ಲರ್ಪ್. ಉಳಿದಿರುವ ದೂರದ ಹತ್ತನೇ ಒಂದು ಭಾಗವನ್ನು ಪ್ರತಿ ಫ್ರೇಮಿನಲ್ಲೂ ಕ್ರಮಿಸು ಎಂಬುದು ಅದರ ಸಾಮಾನ್ಯ ಬಳಕೆ. ದೂರವಿದ್ದಾಗ ಜೋರಾಗಿ ಬಂದು, ಹತ್ತಿರವಾದಂತೆ ನಯವಾಗಿ ನಿಧಾನವಾಗುತ್ತದೆ. ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅದಕ್ಕೇ ವಿಡಿಯೊಗಳಲ್ಲೆಲ್ಲ ಇದೇ ಸಾಲು, ಇದೇ 0.1.

ಲೆಕ್ಕ ಹಾಕಿ ನೋಡಿ. ಪ್ರತಿ ಫ್ರೇಮಿನ ನಂತರ ಉಳಿಯುವುದು ಹಿಂದಿನ ದೂರದ 0.9 ಪಾಲು. ಶುರುವಿನಲ್ಲಿ 100 ಮಾನ ದೂರವಿದ್ದರೆ 30 ಫ್ರೇಮ್ ಕಳೆದ ಮೇಲೆ ಸುಮಾರು 4.24, 60 ಫ್ರೇಮ್ ಕಳೆದ ಮೇಲೆ ಸುಮಾರು 0.18. ಅಂದರೆ ಒಂದು ಸೆಕೆಂಡಿನ ಬಳಿಕ ವೇಗದ ಕಂಪ್ಯೂಟರಿನಲ್ಲಿ ಕ್ಯಾಮೆರಾ ನಾಯಕನ ಮೇಲೆ ಬಂದು ಕೂತಿರುತ್ತದೆ, ನಿಧಾನದ ಫೋನಿನಲ್ಲಿ ಇನ್ನೂ ಹಿಂದೆಯೇ ಇರುತ್ತದೆ. ಇನ್ನೊಂದು ಮಜಾ ಎಂದರೆ, 0.9ನ್ನು ಎಷ್ಟು ಸಲ ಗುಣಿಸಿದರೂ ಗಣಿತದ ಪ್ರಕಾರ ಸೊನ್ನೆ ಬರುವುದಿಲ್ಲ. 'ತಲುಪಿದರೆ ಬಾಗಿಲು ತೆರೆ' ಎಂದು ಇದರ ಮೇಲೆ ಷರತ್ತು ಬರೆದವರು ಬಾಗಿಲು ತೆರೆಯುವುದನ್ನೇ ಕಾಯುತ್ತ ಕೂರುತ್ತಾರೆ. 'ಇಷ್ಟು ಹತ್ತಿರ ಬಂದರೆ ಸಾಕು' ಎಂದು ಒಂದು ಮಿತಿ ಇಡಬೇಕು. ಫ್ರೇಮಿನ ತೊಂದರೆಗೆ 0.9ನ್ನು ಕಳೆದ ಸಮಯಕ್ಕೆ ತಕ್ಕಷ್ಟು ಘಾತಕ್ಕೆ ಏರಿಸಬೇಕು. ಘಾತಾಂಕಗಳನ್ನು ಯಾಕೆ ಕಲಿಸಿದರು ಎಂದು ಗೊಣಗಿದವರಿಗೆ ಉತ್ತರ ಇಲ್ಲಿದೆ.

ಇಷ್ಟೂ ದೋಷಗಳು ಕಣ್ಣಿಗೆ ಕಾಣುತ್ತವೆ ಎಂಬುದೇ ಈ ಅಭ್ಯಾಸದ ದೊಡ್ಡ ಗುಣ. ಬಡ್ಡಿ ಲೆಕ್ಕದ ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಒಂದು ತಪ್ಪು ಅಂಕಿ ಬರುತ್ತದೆ, ಬಹಳ ಸಲ ನಮಗದು ಗೊತ್ತೂ ಆಗುವುದಿಲ್ಲ. ಇಲ್ಲಿ ಚಿಹ್ನೆ ತಪ್ಪಿ ಉಲ್ಟಾ ಕಳೆದರೆ ನಾಯಿ ನಾಯಕನನ್ನು ಬಿಟ್ಟು ಓಡಿಹೋಗುತ್ತದೆ. ಅದನ್ನು ನೋಡಿ ನಕ್ಕು, ಸರಿ ಮಾಡಿ, ಆಮೇಲೆ ಅದೇ ತಪ್ಪನ್ನು ಹೆದರಿ ಓಡುವ ಮೊಲಕ್ಕೆ ಬಳಸಿಕೊಳ್ಳಬಹುದು.

ನಾಲ್ಕು ದೆವ್ವ, ನಾಲ್ಕು ಸ್ವಭಾವ

ಹಿಂಬಾಲಿಸುವುದು ತೀರಾ ಸಣ್ಣ ವಿಷಯ, ಇದರಲ್ಲಿ ಕಲಿಯುವುದೇನಿದೆ ಎನ್ನುವವರಿಗೆ 1980ರ ಒಂದು ಗೇಮ್ ಉತ್ತರ ಕೊಡುತ್ತದೆ. ಜಪಾನಿನ ನಾಮ್ಕೊ ಕಂಪನಿಗಾಗಿ ತೋರು ಇವಾತಾನಿ ರೂಪಿಸಿದ ಪ್ಯಾಕ್‌ಮ್ಯಾನ್. ಅದರಲ್ಲಿ ನಾಯಕನನ್ನು ಅಟ್ಟುವ ದೆವ್ವಗಳು ನಾಲ್ಕು. ನಾಲ್ಕರದ್ದೂ ಬೇರೆ ಬೇರೆ ಬುದ್ಧಿ ಎಂದು ಆಡುವವರಿಗೆ ಅನಿಸುತ್ತದೆ. ವಾಸ್ತವದಲ್ಲಿ ದಾರಿ ಕವಲೊಡೆಯುವಲ್ಲಿ ಎಲ್ಲವೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಯಾವ ಕಡೆ ಹೋದರೆ ನನ್ನ ಗುರಿಗೆ ಹತ್ತಿರವಾಗುತ್ತೇನೆ? ಬದಲಾಗುವುದು ಗುರಿ ಮಾತ್ರ.

ಕೆಂಪು ದೆವ್ವದ ಗುರಿ ನಾಯಕ ಈಗ ನಿಂತಿರುವ ಮನೆ. ಗುಲಾಬಿ ದೆವ್ವದ ಗುರಿ ನಾಯಕ ಮುಖ ಮಾಡಿದ ದಿಕ್ಕಿನಲ್ಲಿ ನಾಲ್ಕು ಮನೆ ಮುಂದೆ. ನೀಲಿ ದೆವ್ವ, ಕೆಂಪು ದೆವ್ವದಿಂದ ನಾಯಕನ ಎರಡು ಮನೆ ಮುಂದಿನ ಜಾಗಕ್ಕೆ ಗೆರೆ ಎಳೆದು, ಆ ಗೆರೆಯನ್ನು ಎರಡು ಪಟ್ಟು ಮಾಡಿ ಅದರ ತುದಿಯನ್ನು ಗುರಿಯಾಗಿಸಿಕೊಳ್ಳುತ್ತದೆ. ಕಿತ್ತಳೆ ದೆವ್ವ ದೂರವಿದ್ದಾಗ ಅಟ್ಟುತ್ತದೆ, ಎಂಟು ಮನೆಯೊಳಗೆ ಬಂದರೆ ತನ್ನ ಮೂಲೆಯತ್ತ ತಿರುಗುತ್ತದೆ. ನೇರ ಅಟ್ಟುವವನು, ಹೊಂಚು ಹಾಕುವವನು, ಸುತ್ತುವರಿಯುವವನು, ಪುಕ್ಕಲ. ನಾಲ್ಕು ಪಾತ್ರಗಳು ಹುಟ್ಟಿದ್ದು ಕೂಡಿ ಕಳೆಯುವ ಲೆಕ್ಕದಿಂದ.

ಇದರಲ್ಲೊಂದು ಸಮಾಧಾನದ ಸಂಗತಿಯೂ ಇದೆ. ನಾಯಕ ಮೇಲ್ಮುಖವಾಗಿದ್ದಾಗ ಗುಲಾಬಿ ದೆವ್ವದ ಗುರಿ ನಾಲ್ಕು ಮನೆ ಮೇಲೆ ಮಾತ್ರವಲ್ಲ, ನಾಲ್ಕು ಮನೆ ಎಡಕ್ಕೂ ಸರಿದುಬಿಡುತ್ತದೆ. ಆ ಮೂಲ ಕೋಡಿನ ಲೆಕ್ಕದಲ್ಲಿ ಉಳಿದುಹೋದ ದೋಷ ಅದು. ಜಗತ್ತೇ ಆಡಿದ ಗೇಮಿನಲ್ಲೂ ಒಂದು ಲೆಕ್ಕ ಜಾರಿದೆ. ನಮ್ಮ ನಾಯಿ ನಡುಗಿದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ನವಿಲು ಹಾರಿದ್ದು ಎಲ್ಲಿಗೆ?

ಬೀದಿನಾಯಿ ಬೈಕನ್ನು ಅಟ್ಟಿಸಿಕೊಂಡು ಬರುವಾಗ ಅದು ಓಡುವ ದಾರಿಯನ್ನು ಗಮನಿಸಿ. ಬೈಕ್ ಈ ಕ್ಷಣ ಎಲ್ಲಿದೆಯೋ ಅತ್ತಲೇ ಅದರ ಮೂತಿ. ಬೈಕ್ ಮುಂದೆ ಹೋದಂತೆ ಮೂತಿ ತಿರುಗುತ್ತದೆ. ಹಾಗಾಗಿ ಅದರ ದಾರಿ ಬಾಗಿದ ಗೆರೆಯಾಗಿ, ಕೊನೆಗೆ ಬೈಕಿನ ಹಿಂದೆಯೇ ಸೇರುತ್ತದೆ. ಒಂದು ಹಡಗು ಇನ್ನೊಂದನ್ನು ಅಟ್ಟಿದರೆ ಈ ಬಾಗು ಹೇಗಿರುತ್ತದೆ ಎಂದು ಫ್ರಾನ್ಸಿನ ಪಿಯರ್ ಬೂಗೇರ್ 1732ರಲ್ಲೇ ಲೆಕ್ಕ ಹಾಕಿದ್ದ. ನಮ್ಮ ಮೂರು ಸಾಲಿನ ಕೋಡ್ ಬರೆಯುವುದೂ ಅದೇ ಬಾಗಿದ ಗೆರೆಯನ್ನು.

ಅದಕ್ಕಿಂತ ಜಾಣತನದ ದಾರಿ ನಮ್ಮ ಹಳೆಯ ಗಣಿತದಲ್ಲಿದೆ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬರೆದ ಲೀಲಾವತಿಯಲ್ಲಿ ನವಿಲು ಮತ್ತು ಹಾವಿನ ಒಂದು ಲೆಕ್ಕ ಬರುತ್ತದೆ. 9 ಮೊಳ ಎತ್ತರದ ಕಂಬದ ಮೇಲೆ ನವಿಲು ಕೂತಿದೆ. ಕಂಬದ ಬುಡದಲ್ಲಿ ಹಾವಿನ ಬಿಲ. 27 ಮೊಳ ದೂರದಿಂದ ಹಾವು ಬಿಲದತ್ತ ಬರುತ್ತಿದೆ. ನವಿಲು ಓರೆಯಾಗಿ ಎರಗುತ್ತದೆ. ಇಬ್ಬರೂ ಕ್ರಮಿಸಿದ ದೂರ ಒಂದೇ ಆದರೆ, ಬಿಲದಿಂದ ಎಷ್ಟು ದೂರದಲ್ಲಿ ಹಾವು ಸಿಕ್ಕಿಬೀಳುತ್ತದೆ? ಉತ್ತರ 12 ಮೊಳ. ತಾಳೆ ನೋಡಿ: ಹಾವು ಬಂದದ್ದು 27ರಲ್ಲಿ 12 ಕಳೆದು 15. ನವಿಲು ಹಾರಿದ್ದು 9ರ ವರ್ಗ 81, 12ರ ವರ್ಗ 144, ಮೊತ್ತ 225ರ ವರ್ಗಮೂಲ, ಅದೂ 15.

ಇಲ್ಲಿ ನವಿಲು ಹಾವು ಇದ್ದಲ್ಲಿಗೆ ಹಾರಲಿಲ್ಲ, ಹಾವು ಬರಲಿರುವಲ್ಲಿಗೆ ಹಾರಿತು. ಪ್ಯಾಕ್‌ಮ್ಯಾನಿನ ಗುಲಾಬಿ ದೆವ್ವ ಒರಟಾಗಿ ಮಾಡುವುದೂ ಇದನ್ನೇ. ನಿಮ್ಮ ಶತ್ರುವಿಗೆ ಈ ಬುದ್ಧಿ ಕೊಡಬೇಕೆ? ಗುರಿಯ ಸ್ಥಾನಕ್ಕೆ ಗುರಿಯ ವೇಗ ಮತ್ತು ಅಂದಾಜು ಸಮಯದ ಗುಣಲಬ್ಧವನ್ನು ಕೂಡಿಸಿ. ಅಂದಾಜು ಸಮಯ ಬೇಕೆಂದರೆ ಈಗಿನ ದೂರವನ್ನು ಶತ್ರುವಿನ ವೇಗದಿಂದ ಭಾಗಿಸಿ. ಒಂದೇ ಸಾಲು ಹೆಚ್ಚು. ಆದರೆ ಆ ಸಾಲನ್ನು ಎಲ್ಲಿ ಸೇರಿಸಬೇಕೆಂದು ಗೊತ್ತಾಗುವುದು ಮೊದಲ ಮೂರು ಸಾಲು ಅರ್ಥವಾದವರಿಗೆ ಮಾತ್ರ.

ಇಲ್ಲಿಂದ ದಾರಿ ಇನ್ನೂ ದೂರ ಹೋಗುತ್ತದೆ. ಅಮೆರಿಕದ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರತಿ ಹಕ್ಕಿಗೆ ಮೂರೇ ನಿಯಮ ಕೊಟ್ಟು ಇಡೀ ಹಿಂಡನ್ನು ಹಾರಿಸಿ ತೋರಿಸಿದರು. ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಪಕ್ಕದವರು ಹೋಗುವ ದಿಕ್ಕಿಗೆ ಹೋಗು, ಪಕ್ಕದವರ ನಡುಮಧ್ಯಕ್ಕೆ ಸರಿ. 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರದ ಬಾವಲಿಗಳ ಹಿಂಡು ಈ ವಿಧಾನದಿಂದಲೇ ಮೂಡಿದ್ದು. ಆ ನಿಯಮಗಳನ್ನು ಬಿಡಿಸಿ ನೋಡಿದರೆ ಮತ್ತೆ ಕಾಣುವುದು ಸ್ಥಾನದಿಂದ ಸ್ಥಾನ ಕಳೆಯುವ, ವೇಗದಿಂದ ವೇಗ ಕಳೆಯುವ ಲೆಕ್ಕ.

ಎಐ ಇರುವಾಗ ಇದೆಲ್ಲ ಬೇಕೆ?

ನನ್ನ ಮಾತಿಗೆ ಬರುವ ಮೊದಲ ಆಕ್ಷೇಪ ಇದು. ಎಂಜಿನ್‌ನಲ್ಲಿ ಸಿದ್ಧ ಫಂಕ್ಷನ್ ಇದೆ, ಎಐ ಕೇಳಿದ್ದನ್ನು ಬರೆದುಕೊಡುತ್ತದೆ, ಚಕ್ರವನ್ನು ಮತ್ತೆ ಯಾಕೆ ಕಂಡುಹಿಡಿಯಬೇಕು? ನ್ಯಾಯವಾದ ಪ್ರಶ್ನೆಯೇ. ಕೆಲಸಕ್ಕೆ ಸೇರಿದ ಮೇಲೆ ಸಿದ್ಧ ಫಂಕ್ಷನ್ನೇ ಬಳಸಬೇಕು. ಅಲ್ಲಿ ಕೂತು ವರ್ಗಮೂಲ ಬರೆಯುತ್ತೇನೆ ಎಂದರೆ ಯಾರೂ ಮೆಚ್ಚುವುದಿಲ್ಲ. ಆದರೆ ಎಐ ಕೊಟ್ಟ ಕೋಡ್ ಸರಿಯೋ ತಪ್ಪೋ ಎಂದು ಹೇಳಬೇಕಾದವರು ನಾವು. 0.1 ಎಂದು ಬರೆದುಕೊಟ್ಟಾಗ 'ಇದು ನಿಧಾನದ ಫೋನಿನಲ್ಲಿ ಕೆಡುತ್ತದೆ' ಎಂದು ಗುರುತಿಸಲು ಒಂದು ಸಲವಾದರೂ ಆ ಲೆಕ್ಕ ಮಾಡಿರಬೇಕು. ಅಂಗಡಿಯ ಕ್ಯಾಲ್ಕುಲೇಟರ್ ತಪ್ಪು ತೋರಿಸುತ್ತಿದೆ ಎಂದು ಅಂದಾಜಿನಲ್ಲೇ ಹಿಡಿಯುವ ಹಳೆಯ ಸೆಟ್ಟರಿಗೆ ಮಗ್ಗಿ ಬಾಯಿಗೆ ಬರುತ್ತಿತ್ತು ಎಂಬುದನ್ನು ಮರೆಯಬಾರದು.

ಸಾಧನಗಳ ಆಯಸ್ಸಿನ ಬಗ್ಗೆಯೂ ಯೋಚಿಸಿ. ಒಂದು ಕಾಲಕ್ಕೆ ಬ್ರೌಸರ್ ಗೇಮುಗಳೆಂದರೆ ಫ್ಲ್ಯಾಶ್. ಅಡೋಬಿ ಅದಕ್ಕೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ, ಗೇಮ್ ಇನ್‌ಸ್ಟಾಲ್ ಆದಷ್ಟಕ್ಕೂ ಶುಲ್ಕ ವಿಧಿಸುವುದಾಗಿ ಪ್ರಕಟಿಸಿದಾಗ ಡೆವಲಪರ್‌ಗಳು ಸಿಡಿದೆದ್ದರು. ಹಲವರು ಉಚಿತವಾಗಿ ಸಿಗುವ ಗೊಡಾಟ್ ಕಡೆ ಹೊರಳಿದರು. ಒಂದು ವರ್ಷದ ಬಳಿಕ ಯೂನಿಟಿ ಆ ಶುಲ್ಕವನ್ನು ಕೈಬಿಟ್ಟಿತು. ಇಂಥ ಹೊತ್ತಿನಲ್ಲಿ ಒಂದು ಎಂಜಿನ್‌ನ ಫಂಕ್ಷನ್ ಹೆಸರುಗಳನ್ನಷ್ಟೇ ಬಾಯಿಪಾಠ ಮಾಡಿದವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಲೆಕ್ಕ ತಿಳಿದವರಿಗೆ ಒಂದು ವಾರಾಂತ್ಯ ಸಾಕು.

ಕೆಲಸ ಸಿಗುತ್ತದೆಯೇ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮನೆಯಲ್ಲಿ ಅಪ್ಪ ಕೇಳುವುದೂ ಇದನ್ನೇ: 'ಗೇಮ್ ಮಾಡಿದ್ರೆ ಹೊಟ್ಟೆ ತುಂಬುತ್ತೇನಪ್ಪಾ?' ಗೇಮ್ ಸ್ಟುಡಿಯೊಗಳು ನಮ್ಮಲ್ಲಿ ಇಲ್ಲವೆಂದಲ್ಲ. 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಗಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಆದರೂ ಡಿಗ್ರಿ ಮುಗಿಸಿ ಬರುವ ಎಲ್ಲರಿಗೂ ಗೇಮ್ ಕಂಪನಿಯಲ್ಲೇ ಕೆಲಸ ಸಿಗುತ್ತದೆಂದು ನಂಬಿಸುವುದು ಮೋಸ. ನಮ್ಮಲ್ಲಿ ಹೆಚ್ಚಿನವರು ಬ್ಯಾಂಕಿನ ಸಾಫ್ಟ್‌ವೇರಿಗೋ, ಆಸ್ಪತ್ರೆಯ ಆ್ಯಪಿಗೋ, ಟೆಸ್ಟಿಂಗಿಗೋ ಹೋಗುವವರು.

ಹಾಗಿದ್ದೂ ನಾನು ಇದನ್ನು ಕಲಿಯಿರಿ ಎನ್ನುವುದು ಏಕೆಂದರೆ, 'ಇರುವಲ್ಲಿಂದ ಇರಬೇಕಾದಲ್ಲಿಗೆ ಎಷ್ಟು ದೂರ, ಯಾವ ದಿಕ್ಕು, ಎಷ್ಟು ಹೆಜ್ಜೆ' ಎಂಬ ಲೆಕ್ಕ ಗೇಮಿನಲ್ಲಷ್ಟೇ ಇಲ್ಲ. ಕಾಲೇಜು ಫೆಸ್ಟುಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಪ್ಪು ಗೆರೆಯ ಮೇಲೆ ಓಡಿಸುವ ಪುಟ್ಟ ರೋಬೊ ನೋಡಿರುತ್ತೀರಿ. ಗೆರೆಯಿಂದ ಎಷ್ಟು ಸರಿದಿದೆಯೋ ಅದಕ್ಕೆ ತಕ್ಕಷ್ಟು ಅದು ಚಕ್ರ ತಿರುಗಿಸುತ್ತದೆ. ಸರಿದ ದೂರದ ಒಂದು ಪಾಲನ್ನು ಸರಿಪಡಿಸುವುದು ಲರ್ಪಿನ ಒಡಹುಟ್ಟು. ಪಾಲು ಜಾಸ್ತಿಯಾದರೆ ರೋಬೊ ಗೆರೆಯ ಎರಡೂ ಬದಿಗೆ ತೂಗಾಡುತ್ತದೆ, ನಮ್ಮ ನಾಯಿ ನಡುಗಿದ ಹಾಗೆಯೇ. ಗಾಳಿಗೆ ಸರಿದ ಡ್ರೋನ್ ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುವುದರ ಬುಡದಲ್ಲಿಯೂ ಇರಬೇಕಾದ ಸ್ಥಾನದಿಂದ ಇರುವ ಸ್ಥಾನವನ್ನು ಕಳೆಯುವ ಇದೇ ಲೆಕ್ಕವಿದೆ.

ಸಂದರ್ಶನದ ಮಾತಿಗೆ ಬರುತ್ತೇನೆ. ನಮ್ಮ ಸೀನಿಯರ್ ಒಬ್ಬರ ರೆಸ್ಯೂಮೆಯಲ್ಲಿ ಐದು ಗೇಮ್ ಪ್ರಾಜೆಕ್ಟ್ ಇದ್ದವು. ಎದುರು ಕೂತವರು ಐದನ್ನೂ ಬಿಟ್ಟು ಒಂದೇ ಪ್ರಶ್ನೆ ಕೇಳಿದರಂತೆ: 'ನಿಮ್ಮ ಶತ್ರು ನಾಯಕನನ್ನು ಹಿಡಿದ ಕ್ಷಣದಲ್ಲಿ ಈ ಸಾಲಿನಲ್ಲಿ ಏನಾಗುತ್ತದೆ?' ಸೊನ್ನೆಯಿಂದ ಭಾಗಿಸುವ ಪ್ರಶ್ನೆ. ಅವರು ಪೆನ್ನು ಕೇಳಿ ಪಡೆದು, ಹಾಳೆಯ ಮೇಲೆ ಎರಡು ಚುಕ್ಕಿ ಇಟ್ಟು ವಿವರಿಸಿದರು. ಇಂಗ್ಲಿಷ್ ತಡವರಿಸಿದರೂ ಚಿತ್ರ ತಡವರಿಸಲಿಲ್ಲ. ಅವರಿಗೆ ಸಿಕ್ಕಿದ್ದು ಗೇಮ್ ಕಂಪನಿಯ ಕೆಲಸವಲ್ಲ, ಸರಕು ಸಾಗಣೆಯ ಸಾಫ್ಟ್‌ವೇರ್ ಮಾಡುವ ಕಡೆ. ಲಾರಿಗೂ ಗೋದಾಮಿಗೂ ಇರುವ ದೂರ ಕೂಡ ದೂರವೇ ತಾನೆ?

ಲ್ಯಾಬಿನಲ್ಲಿ ಬದಲಾಗಬೇಕಾದ್ದು

ಕೊನೆಗೆ ಕಾಲೇಜುಗಳಿಗೂ ಒಂದು ಮಾತು. ಪ್ರೋಗ್ರಾಮಿಂಗ್ ಲ್ಯಾಬ್ ಎಂದರೆ ಇಂದಿಗೂ ಅವಿಭಾಜ್ಯ ಸಂಖ್ಯೆ ಹುಡುಕುವುದು, ಮ್ಯಾಟ್ರಿಕ್ಸ್ ಗುಣಿಸುವುದು, ಕೊನೆಯ ವರ್ಷಕ್ಕೆ 'ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್'. ಗಣಿತದವರು ಒಂದು ಕೊಠಡಿಯಲ್ಲಿ ಸದಿಶ ಹೇಳಿಕೊಡುತ್ತಾರೆ, ಕಂಪ್ಯೂಟರಿನವರು ಇನ್ನೊಂದು ಕೊಠಡಿಯಲ್ಲಿ ಲೂಪ್ ಹೇಳಿಕೊಡುತ್ತಾರೆ, ಇವೆರಡೂ ಒಂದೇ ಮನೆಯ ಮಕ್ಕಳೆಂದು ಯಾರೂ ಹೇಳುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಒಂದು ಚುಕ್ಕಿ ಇನ್ನೊಂದನ್ನು ಹಿಂಬಾಲಿಸುವ ಪ್ರೋಗ್ರಾಂ ಇಟ್ಟರೆ ಖರ್ಚೇನೂ ಇಲ್ಲ. ಪೈಥಾನ್ ಜೊತೆಗೆ ಬರುವ ಟರ್ಟಲ್ ಸಾಕು, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ವೈವಾದಲ್ಲಿ 'ಕೋಡ್ ಓದಿ ಹೇಳು' ಎನ್ನುವ ಬದಲು 'ನಾಯಿ ನಡುಗುವಂತೆ ಮಾಡು, ಆಮೇಲೆ ನಿಲ್ಲಿಸು' ಎಂದರೆ ಕಾಪಿ ಹೊಡೆದವರು ಯಾರು, ಕಲಿತವರು ಯಾರು ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಕಾಲೇಜು ಬದಲಾಗುವವರೆಗೆ ನಾವು ಕಾಯಬೇಕಿಲ್ಲ. ಒಂದು ವಾರ ಸಾಕು. ಮೊದಲ ದಿನ ಹಾಳೆಯ ಮೇಲೆ ಲೆಕ್ಕ. ಎರಡನೇ ದಿನ ಆ ಮೂರು ಸಾಲು ಕೋಡ್. ಮೂರನೇ ದಿನ ನಡುಕ ಮತ್ತು ಸೊನ್ನೆಗೆ ಮದ್ದು. ನಾಲ್ಕನೇ ದಿನ ಫ್ರೇಮ್ 30ಕ್ಕೆ ಇಳಿಸಿ ವೇಗ ಬದಲಾಗುತ್ತದೆಯೇ ಎಂಬ ಪರೀಕ್ಷೆ. ಐದನೇ ದಿನ ಲರ್ಪ್ ಬಳಸುವ ಕ್ಯಾಮೆರಾ. ಆರನೇ ದಿನ ಮುಂದಿನ ಜಾಗಕ್ಕೆ ಎರಗುವ ನವಿಲು. ಏಳನೇ ದಿನ ಕೋಡ್ ಬರೆಯಬೇಡಿ. ಹಾಸ್ಟೆಲಿನ ಗೆಳೆಯರನ್ನೋ, ಪಿಯುಸಿ ಓದುವ ತಂಗಿಯನ್ನೋ ಕೂರಿಸಿಕೊಂಡು ಇಷ್ಟನ್ನೂ ಕನ್ನಡದಲ್ಲಿ ಹೇಳಿಕೊಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಇನ್ನೂ ಅರ್ಥವಾಗಿಲ್ಲ ಎಂದರ್ಥ, ಅಲ್ಲಿಗೆ ಮತ್ತೊಮ್ಮೆ ಪೆನ್ಸಿಲ್ ಹಿಡಿದು ಹೋಗಿ. ಅಷ್ಟಾದ ಮೇಲೆ ಸಿದ್ಧ ಫಂಕ್ಷನ್ ಬಳಸಿ, ಎಐ ಬಳಸಿ, ಬೇಕಾದ್ದನ್ನು ಬಳಸಿ. ಅವು ಬರೆದುಕೊಟ್ಟದ್ದನ್ನು ಓದಿ ನೋಡಲು ಆಗ ನಿಮಗೆ ಬರುತ್ತಿರುತ್ತದೆ.